ಯಾರದೋ ಹೊಲ, ಎಲ್ಲರ ದಾರಿ

ಇಂಗ್ಲೆಂಡಿನ ಮಾಲಮ್ ಎಂಬ ಹಳ್ಳಿಯ ಆಚೆ, ಒಂದು ಹೊಲದ ಗೇಟಿನ ಮುಂದೆ ನಾನು ನಿಂತುಬಿಟ್ಟೆ. ಒಳಗೆ ಎಳೆಯ ಮರಿಗಳ ಜೊತೆ ಮೇಯುತ್ತಿದ್ದ ಕುರಿಗಳು, ಅದರಾಚೆ ಕೊಟ್ಟಿಗೆ, ಕೊಟ್ಟಿಗೆಗೆ ತಾಗಿಕೊಂಡೇ ಮನೆ. ಗೆಳೆಯ ಗೇಟಿನ ಕೊಂಡಿ ತೆಗೆದು ಮಕ್ಕಳನ್ನು ಒಳಗೆ ಬಿಟ್ಟು, “ಬಾ, ದಾರಿ ಇರುವುದೇ ಇಲ್ಲಿ” ಎಂದ. ಅಂಗಳದಲ್ಲಿ ಬಕೆಟ್ ಹಿಡಿದುಕೊಂಡಿದ್ದ ಹೆಂಗಸು ನಮ್ಮತ್ತ ತಿರುಗಿದರು. ಈಗ ಮಾತು ಕೇಳಬೇಕಾಗುತ್ತದೆ ಎಂದುಕೊಂಡೆ. ಅವರು, “ಎಡಗಡೆಯಿಂದ ಹೋಗಿ, ಬಲಗಡೆ ಕೆಸರಿದೆ” ಎಂದಷ್ಟೇ ಹೇಳಿ ಕುರಿಗಳ ಕಡೆ ನಡೆದರು.

ನಾವಿರುವುದು ದುಬೈಯಲ್ಲಿ. ಮಕ್ಕಳ ಶಾಲೆಗೆ ವಸಂತದ ರಜೆ ಬಂದಾಗ ಯಾರ್ಕ್‌ಷೈರಿನ ಸ್ಕಿಪ್ಟನ್‌ನಲ್ಲಿರುವ ಈ ಗೆಳೆಯನ ಮನೆಗೆ ಹೋಗಿದ್ದೆವು. ಸಾಗರದ ಕಡೆಯವನು, ಶಿವಮೊಗ್ಗದಲ್ಲಿ ನನ್ನ ಜೊತೆ ಪಿಯುಸಿ ಓದಿದವನು, ಈಗ ಅಲ್ಲಿ ವೈದ್ಯ. ಬೆಳಿಗ್ಗೆ ಅವನ ಹೆಂಡತಿ ಮಾಡಿದ ಅವಲಕ್ಕಿ ತಿಂದು, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಟಿದ್ದೆವು. ದಾರಿಯಲ್ಲಿ ಒಂದು ಪುಟ್ಟ ಜಲಪಾತ. ಅದರ ಸುತ್ತಲಿನ ಕಾಡಿನ ನೆಲದ ತುಂಬ ಕಾಡು ಬೆಳ್ಳುಳ್ಳಿಯ ಸೊಪ್ಪು, ಕಾಲಿಟ್ಟಲ್ಲೆಲ್ಲ ಒಗ್ಗರಣೆಯ ಘಮ. ಮುಂದೆ 80 ಮೀಟರ್ ಎತ್ತರದ ಮಾಲಮ್ ಕೋವ್ ಸುಣ್ಣಕಲ್ಲಿನ ಬಂಡೆ. ಎಲ್ಲವೂ ಚೆಂದ, ಆದರೆ ಅವನ್ನು ಚಿತ್ರಗಳಲ್ಲಿ ಮೊದಲೇ ನೋಡಿದ್ದೆ. ಬೇರೊಬ್ಬರ ಅಂಗಳವನ್ನು ಅಪ್ಪಣೆ ಕೇಳದೆ ದಾಟಿದ್ದನ್ನು ಮಾತ್ರ ಯಾವ ಚಿತ್ರವೂ ತೋರಿಸಿರಲಿಲ್ಲ.

ಆ ಸೀಮೆಯಲ್ಲಿ ಹೊಲದ ಸುತ್ತ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ. ದಾರಿ ಬಂದಲ್ಲಿ ಗೋಡೆಯಲ್ಲೇ ಮೆಟ್ಟಿಲ ಕಲ್ಲು, ಇಲ್ಲವೇ ಮನುಷ್ಯ ಓರೆಯಾಗಿ ತೂರುವಷ್ಟು, ಕುರಿ ದಾಟಲಾಗದಷ್ಟು ಕಿರಿದಾದ ಸಂದು. ನಮ್ಮಲ್ಲಿ ಉಣುಗೋಲು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಪಕ್ಕದ ಕಂಬದಲ್ಲಿ ಹಳದಿ ಬಾಣ ಕಂಡರೆ ನಡೆಯುವವರ ದಾರಿ, ನೀಲಿ ಬಾಣವಿದ್ದರೆ ಕುದುರೆ, ಸೈಕಲ್‌ಗಳೂ ಹೋಗಬಹುದು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂತಹ ದಾರಿಗಳು ಸುಮಾರು 2,25,000 ಕಿಲೋಮೀಟರ್ ಇವೆ. ನೆಲ ರೈತನದು, ಅದರ ಮೇಲೆ ನಡೆಯುವ ಹಕ್ಕು ಎಲ್ಲರದು. ದಾರಿ ಹಾದುಹೋಗುವ ಹೊಲವನ್ನು ಬಿತ್ತನೆಗೆ ಉತ್ತರೆ 14 ದಿನಗಳೊಳಗೆ ದಾರಿಯನ್ನು ಮತ್ತೆ ಬಿಡಿಸಿಕೊಡಬೇಕು ಎಂದು 1990ರ ಕಾಯಿದೆ ಹೇಳುತ್ತದೆ. ಅಜ್ಜನ ಕಾಲದ ದಾರಿಗೂ ಅದೇ ನಿಯಮ.

ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಮನೆಯ ಹಿಂದಿನಿಂದ ಹೊಳೆಗೆ, ಹೊಳೆಯಾಚೆ ಚೌಡಿ ಬನಕ್ಕೆ ಒಂದು ಕಾಲುದಾರಿ ಇತ್ತು. ಶಾಲೆಗೆ ಹೋದದ್ದು ಅದರಲ್ಲೇ, ಭೂಮಿ ಹುಣ್ಣಿಮೆಯ ಚರಗಕ್ಕೆ ಅಪ್ಪನ ಹಿಂದೆ ದೊಂದಿ ಹಿಡಿದು ನಡೆದದ್ದೂ ಅದರಲ್ಲೇ. ನಡುವಿನ ತೋಟ ಕೈ ಬದಲಾಯಿಸಿತು. ಕೊಂಡವರು ದೂರದ ಊರಿನವರು. ಮೊದಲು ಗೇಟು ಬಂತು, ಆಮೇಲೆ ಬೀಗ, ಆಮೇಲೆ ಸುತ್ತಲೂ ಐಬೆಕ್ಸ್ ಎಂಬ ವಿದ್ಯುತ್ ಬೇಲಿ. ಈಗ ಊರಿನ ಮಕ್ಕಳು ಶಾಲೆಗೆ ಡಾಂಬರು ರಸ್ತೆಯಲ್ಲಿ ಬಳಸಿಕೊಂಡು ಹೋಗುತ್ತಾರೆ. ಚೌಡಿಗೆ ಹಣ್ಣುಕಾಯಿ ಮಾಡಿಸಲು ಚಿಕ್ಕಮ್ಮ ಆಟೋ ಹಿಡಿಯುತ್ತಾರೆ. ಯಾರೂ ಜಗಳಕ್ಕೆ ಹೋಗಲಿಲ್ಲ. “ಅವರ ಜಾಗ, ಅವರಿಷ್ಟ” ಎಂದು ಅಣ್ಣ ಫೋನಿನಲ್ಲಿ ಹೇಳಿದ. ಬೀಗಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಡುತ್ತದೆ.

ಇಂಗ್ಲೆಂಡಿನವರಿಗೂ ನಡೆಯುವ ಹಕ್ಕನ್ನು ಯಾರೂ ಕರೆದು ಕೊಡಲಿಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆಯ ನೂರಾರು ಜನ, ಹೆಚ್ಚಿನವರು ದುಡಿಯುವ ಹುಡುಗ ಹುಡುಗಿಯರು, ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಬೇಕೆಂದೇ ಅಪ್ಪಣೆಯಿಲ್ಲದೆ ಹತ್ತಿದರು. ಶ್ರೀಮಂತರು ಹಕ್ಕಿ ಬೇಟೆಗೆಂದು ಕಾವಲಿಟ್ಟಿದ್ದ ನೆಲ ಅದು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಐವರು ಜೈಲಿಗೆ ಹೋದರು. 1949ರಲ್ಲಿ ಕಾನೂನು ಬಂತು. ದಾರಿಗಳನ್ನೆಲ್ಲ ನಕಾಶೆಯಲ್ಲಿ ದಾಖಲಿಸುವ ಹೊಣೆ ಸ್ಥಳೀಯ ಆಡಳಿತಗಳ ಮೇಲೆ ಬಿತ್ತು. ಜಮೀನುದಾರ ಡ್ಯೂಕ್ ಮನೆತನದ ವಾರಸುದಾರರು 2002ರಲ್ಲಿ, ಘಟನೆಯ 70ನೆಯ ವರ್ಷದಲ್ಲಿ, ಹಿರಿಯರ ನಡತೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಇದನ್ನು ಹೇಳುತ್ತಾ ಗೆಳೆಯ ಬಂಡೆಯೊಂದರ ಮೇಲೆ ಕುಳಿತು ಡಬ್ಬಿ ಬಿಚ್ಚಿದ. ಆ ಬೆಟ್ಟವಿರುವ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನವಾದದ್ದು 1951ರ ಏಪ್ರಿಲ್‌ನಲ್ಲಿ. ಅವನ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಹೊರಟದ್ದೂ ಅದೇ ಏಪ್ರಿಲ್‌ನಲ್ಲಿ. ನಮ್ಮವರಿಗೆ ಉಳಲು ನೆಲ ಬೇಕಿತ್ತು, ಅದಕ್ಕಾಗಿ ಜೈಲು ಕಂಡರು, 1974ರ ಭೂಸುಧಾರಣೆಯಲ್ಲಿ ಅದನ್ನು ಪಡೆದರು. ಅದು ಸಣ್ಣ ಗೆಲುವಲ್ಲ. ನಮ್ಮ ಮನೆಯ ಊಟವೂ ಆ ಗೆಲುವಿನಿಂದಲೇ ಬಂದದ್ದು. ಆದರೆ ನೆಲ ಕೈಗೆ ಬಂದ ಮೇಲೆ ದಾರಿಯನ್ನು ಕೇಳುವವರೇ ಇಲ್ಲವಾದರು. ಪಹಣಿಯಲ್ಲಿ ಹೆಸರು ಬಂದರೆ ಸಾಕು, ಪಕ್ಕದವನ ಕಾಲಿನ ಗೊಡವೆ ನಮಗೇಕೆ ಎಂಬ ಬುದ್ಧಿ ಬೆಳೆಯಿತು.

ನಮ್ಮಲ್ಲಿ ಕಾನೂನೇ ಇಲ್ಲ ಎನ್ನುವಂತಿಲ್ಲ. ಗ್ರಾಮ ನಕಾಶೆಯಲ್ಲಿ ಕಾಲುದಾರಿಗೆ ಚುಕ್ಕೆ ಗೆರೆ ಇರುತ್ತದೆ. ಬ್ರಿಟಿಷರೇ ಮಾಡಿದ 1882ರ ಅನುಭೋಗದ ಹಕ್ಕುಗಳ ಕಾಯಿದೆಯೂ ಇದೆ: ಇನ್ನೊಬ್ಬರ ನೆಲದಲ್ಲಿ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದು ನಡೆದರೆ ಆ ದಾರಿ ಸಿಗುತ್ತದೆ. ಇಂಗ್ಲೆಂಡಿನ ಕಾನೂನಿನಲ್ಲೂ ಅದೇ 20 ವರ್ಷ. ವ್ಯತ್ಯಾಸವಿರುವುದು ಆಮೇಲೆ. ಅಲ್ಲಿ ಜನ ನಡೆದ ದಾರಿಯನ್ನು ಆಡಳಿತ ತನ್ನ ನಕಾಶೆಗೆ ಸೇರಿಸಿಕೊಳ್ಳುತ್ತದೆ, ಮುಚ್ಚಿದವನನ್ನು ತಾನೇ ಕೇಳುತ್ತದೆ. ಇಲ್ಲಿ ದಾರಿ ಕಳೆದುಕೊಂಡವನು ವಕೀಲರನ್ನು ಹಿಡಿದು, ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಸಾಕ್ಷಿ ಹೇಳಲು ಮುದುಕರನ್ನು ಹುಡುಕಬೇಕು. ತೀರ್ಪು ಬರುವಷ್ಟರಲ್ಲಿ ಆ ಮುದುಕರೇ ಇರುವುದಿಲ್ಲ.

ಗೆಳೆಯನ ಹೆಂಡತಿಗೆ ನನ್ನ ಹೊಗಳಿಕೆ ಅತಿಯಾಯಿತು ಅನ್ನಿಸಿರಬೇಕು. “ಇಷ್ಟು ವರ್ಷದಲ್ಲಿ ಎಷ್ಟೋ ಅಂಗಳ ದಾಟಿದ್ದೇವೆ. ಯಾವ ಊರು, ಯಾರ ಮನೆ ಎಂದು ಒಬ್ಬರೂ ಕೇಳಿಲ್ಲ ನೋಡಿ. ನಮ್ಮ ಕಡೆ ಆಗಿದ್ದರೆ ಬೆಲ್ಲ ನೀರು ಕೊಡದೆ ಬಿಡುತ್ತಿದ್ದರೇ?” ಎಂದರು. ನಿಜ. ಸುಸ್ತಾದ ಮಕ್ಕಳನ್ನು ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಡುವ ಮನೆಯೊಂದು ಆ ಹೊತ್ತಿಗೆ ನನಗೂ ಬೇಕಾಗಿತ್ತು. ಆದರೂ ಒಪ್ಪಲು ಮನಸ್ಸಾಗಲಿಲ್ಲ. ಬೆಲ್ಲ ನೀರು ಸಿಗುತ್ತಿದ್ದದ್ದು ಜಾತಿ ತಿಳಿದ ಮೇಲೆ. ನಮ್ಮೂರಿನಲ್ಲೇ ಕೆಲವರು ಅಂಗಳಕ್ಕೆ ಕಾಲಿಡದೆ ಬೇಲಿಯಂಚಿನಲ್ಲಿ ಹಾದು ಹೋಗಬೇಕಿತ್ತು. ಏನನ್ನೂ ಕೇಳದೆ, ಏನನ್ನೂ ಕೊಡದೆ, ಎಲ್ಲರಿಗೂ ಒಂದೇ ದಾರಿ ಬಿಡುವ ಹಳದಿ ಬಾಣವನ್ನೇ ನಾನು ಆರಿಸಿಕೊಳ್ಳುತ್ತೇನೆ.

ಇಷ್ಟು ಬರೆದ ಮೇಲೆ ಒಪ್ಪಿಕೊಳ್ಳಬೇಕಾದ ಕೆಲವು ಮಾತುಗಳಿವೆ. ನಾನು ಮೆಚ್ಚಿದ ಕಲ್ಲಿನ ಗೋಡೆಗಳಲ್ಲಿ ಎಷ್ಟೋ, 18 ಮತ್ತು 19ನೆಯ ಶತಮಾನಗಳಲ್ಲಿ ಊರೊಟ್ಟಿನ ಹುಲ್ಲುಗಾವಲನ್ನು ಕಾಯಿದೆಯ ಬಲದಿಂದ ಪಾಲು ಮಾಡಿ ಬಡವರನ್ನು ಹೊರಗಿಟ್ಟಾಗ ಎದ್ದವು. ದಾರಿ ಬಿಟ್ಟು ಇಷ್ಟಬಂದಂತೆ ಅಲೆದಾಡುವ ಹಕ್ಕು ಇಂದಿಗೂ ಇಂಗ್ಲೆಂಡಿನ ಶೇಕಡಾ 8ರಷ್ಟು ನೆಲದಲ್ಲಿ ಮಾತ್ರ ಇದೆ. ಅಲ್ಲಿಯ ಕುರಿ ಹೊಲಕ್ಕೆ ಆನೆ ಬರುವುದಿಲ್ಲ, ಹಂದಿ ನುಗ್ಗಿ ಒಂದೇ ರಾತ್ರಿಯಲ್ಲಿ ಬೆಳೆ ಮುಗಿಸುವುದಿಲ್ಲ. ಮಲೆನಾಡಿನ ಬೇಲಿಗೆ ಆ ಕಾರಣವಿದೆ. ನಡೆಯುವವರಲ್ಲೂ ತಪ್ಪಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಸಾಲುಗಟ್ಟಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ತೋಟದ ಗೇಟು ತೆರೆದೇ ಹೋಗುವವರು, ಹೊಳೆಯ ದಂಡೆಯಲ್ಲಿ ಬಾಟಲಿ ಒಡೆಯುವವರು ಇರುವಾಗ ಬೀಗ ಹಾಕಿದ ಮಾಲೀಕರನ್ನಷ್ಟೇ ದೂರುವುದು ನ್ಯಾಯವಲ್ಲ.

ಆದರೆ ಶಾಲೆಗೆ ಹೋಗುವ ಮಕ್ಕಳು ಬಾಟಲಿ ಒಡೆಯುವುದಿಲ್ಲ. ಗ್ರಾಮ ನಕಾಶೆಯ ದೃಢೀಕೃತ ಪ್ರತಿ ತೆಗೆಸಿಡಲು ಅಣ್ಣನಿಗೆ ಹೇಳಿದ್ದೇನೆ. ಚುಕ್ಕೆ ಗೆರೆ ಅದರಲ್ಲಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡುತ್ತೇವೆ. ಇಲ್ಲದಿದ್ದರೆ, ಅದರಲ್ಲಿ ನಡೆದು ಶಾಲೆ ಕಲಿತ ನಾವೆಲ್ಲರೂ ಸಾಕ್ಷಿ ಹೇಳಬಹುದು. ಚಿಕ್ಕಮ್ಮ ಈಗಲೇ ಒಪ್ಪಿದ್ದಾರೆ. ಅಣ್ಣ ಇನ್ನೂ ಯೋಚಿಸುತ್ತಿದ್ದಾನೆ.