ಮುಟ್ಟು ನಿಂತಾಗ ಬೆನ್ನಿನ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ

ಇದನ್ನು ಬರೆಯಲೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ನಮ್ಮ ಕಡೆ ಮುಟ್ಟಿನ ವಿಷಯ ಗಂಡಸರಿರುವ ಕಡೆ ಯಾರೂ ಎತ್ತುವುದಿಲ್ಲ. ಆದರೂ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮೂರು ವರ್ಷದ ಹಿಂದೆ, ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ, ಕಾಫಿ ಕಣದ ಮೆಟ್ಟಿಲ ಪಾಚಿಯ ಮೇಲೆ ಜಾರಿ ಬಿದ್ದೆ. ಬೆನ್ನುಮೂಳೆ ಬಿರುಕು ಬಿಟ್ಟಿತು. ಆಗ ನನಗೆ 37. ಆಪರೇಷನ್ ಬೇಡ, ಬೆಲ್ಟ್ ಹಾಕಿಕೊಂಡು ಮಲಗಿ ಅಂದರು. ನೋವಿಗೆ ಒಂದು ಮಾತ್ರೆ ಬರೆದರು. ಮೂರು ವಾರಕ್ಕೆ ಅಂತ ಶುರುವಾದದ್ದು ಒಂದೂವರೆ ವರ್ಷ ನಡೆಯಿತು. ಮಧ್ಯೆ ಡೋಸ್ ಕೂಡ ಜಾಸ್ತಿ ಆಯಿತು. ಪ್ರತಿ ಸಲ ಹೋದಾಗಲೂ ಒಂದೇ ಪ್ರಶ್ನೆ, "ನೋವು ಹೇಗಿದೆ?" ಅದೇ ಚೀಟಿ ಮತ್ತೆ.

ಐದಾರು ತಿಂಗಳಿಗೆ ಮುಟ್ಟು ಏರುಪೇರಾಯಿತು. ಆಮೇಲೆ ನಿಂತೇ ಹೋಯಿತು. ಗುರುತಿನವರು ನೋಡಬಾರದು ಅಂತ ಸೋಮವಾರಪೇಟೆ ಬಿಟ್ಟು ಕುಶಾಲನಗರದಲ್ಲಿ ಗರ್ಭ ಪರೀಕ್ಷೆಯ ಕಿಟ್ ತಂದೆ. ಬಸಿರಲ್ಲ. ಅಮ್ಮ, "ನಮ್ಮ ಅತ್ತೆಗೂ ಬೇಗ ನಿಂತಿತ್ತು ಮಗಳೇ, ಚಿಂತೆ ಮಾಡಬೇಡ" ಅಂದರು. ತೋರಿಸಿದ ಕಡೆಯೂ "ವಯಸ್ಸಾಯ್ತು ಅಲ್ವಾ" ಅಂತ ಕಳಿಸಿದರು. 38ಕ್ಕೆ! ಜೊತೆಗೆ ಸುಸ್ತು, ಮೈ ಇದ್ದಕ್ಕಿದ್ದಂತೆ ಬಿಸಿಯಾಗುವುದು, ಯಾವುದರಲ್ಲೂ ಆಸಕ್ತಿ ಇಲ್ಲ. ಗಂಡ ಹತ್ತಿರ ಬಂದರೂ ಬೇಡ ಅನ್ನಿಸುತ್ತಿತ್ತು. ನನ್ನ ಮೇಲೆ ಕೋಪವಾ ಅಂತ ಅವರು ಒಂದು ದಿನ ಕೇಳಿಯೇಬಿಟ್ಟರು. ಏನು ಹೇಳಲಿ?

ಕೊನೆಗೆ ಮೈಸೂರಿನ ಒಬ್ಬ ಡಾಕ್ಟರಮ್ಮ, "ದಿನಾ ತಗೊಳ್ಳೋ ಮಾತ್ರೆ ಎಲ್ಲಾ ಮೇಜಿನ ಮೇಲಿಡಿ" ಅಂದರು. ಚೀಲದಿಂದ ತೆಗೆದಿಟ್ಟೆ. ಟ್ರಮಡಾಲ್ ಪಟ್ಟಿಯನ್ನು ಕೈಗೆತ್ತಿಕೊಂಡು, ಎಷ್ಟು ದಿನದಿಂದ ಅಂತ ಕೇಳಿದರು.

ಟ್ರಮಡಾಲ್ ಒಪಿಯಾಯ್ಡ್, ಅಂದರೆ ಅಫೀಮಿನಂತೆ ಕೆಲಸ ಮಾಡುವ ನೋವಿನ ಔಷಧಗಳ ಗುಂಪಿಗೆ ಸೇರಿದ್ದು. ಮಾರ್ಫಿನ್, ಫೆಂಟನಿಲ್, ಟಪೆಂಟಡಾಲ್ ಎಲ್ಲ ಅದೇ ಕುಟುಂಬ. ನಮ್ಮ ಮೆದುಳಿನಲ್ಲಿ ಹೈಪೋಥಲಾಮಸ್ ಅಂತ ಒಂದು ಭಾಗವಿದೆ. ಅದು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿ ಅಂಡಾಶಯಕ್ಕೋ ವೃಷಣಕ್ಕೋ ಕೊಡುತ್ತದೆ. ಒಪಿಯಾಯ್ಡ್ ತುಂಬಾ ಕಾಲ ತೆಗೆದುಕೊಂಡರೆ ಈ ಮೊದಲ ಸೂಚನೆಯೇ ಮಂಕಾಗಬಹುದು. ಆಗ ಹೆಂಗಸರಲ್ಲಿ ಈಸ್ಟ್ರೊಜನ್, ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಇಳಿಯುತ್ತದೆ.

ರಕ್ತ ಪರೀಕ್ಷೆಯ ರಿಪೋರ್ಟ್ ತೋರಿಸಿ ಅವರು ಹೇಳಿದ್ದು ಇವತ್ತಿಗೂ ನೆನಪಿದೆ. ವಯಸ್ಸಿಗೆ ಮುಟ್ಟು ನಿಂತರೆ ಎಫ್‌ಎಸ್‌ಎಚ್, ಅಂದರೆ ಪಿಟ್ಯುಟರಿ ಅಂಡಾಶಯಕ್ಕೆ ಕಳಿಸುವ ಹಾರ್ಮೋನ್, ಏರುತ್ತದೆ. ಅಂಡಾಶಯ ಮಾತು ಕೇಳುತ್ತಿಲ್ಲ ಅಂತ ಪಿಟ್ಯುಟರಿ ಇನ್ನೂ ಜೋರಾಗಿ ಕೂಗುತ್ತದೆ. ನನ್ನದು ಕಡಿಮೆ ಇತ್ತು. ಕೂಗುವವರೇ ಸುಮ್ಮನಾಗಿದ್ದರು. ಥೈರಾಯ್ಡ್, ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ ನೋಡಿದರು. ಬೆಳಗ್ಗೆ ಎಂಟಕ್ಕೆ ರಕ್ತ ತೆಗೆದು ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಕಾರ್ಟಿಸಾಲ್ ಕೂಡ ನೋಡಿದರು, ಅಪರೂಪಕ್ಕೆ ಅಡ್ರಿನಲ್ ಗ್ರಂಥಿಯೂ ಸೋಲುತ್ತದಂತೆ. ನನಗೆ ಅದು ಸರಿಯಿತ್ತು.

ಮೂಳೆ ಮುರಿದಿದ್ದಕ್ಕೆ ತೆಗೆದುಕೊಂಡ ಮಾತ್ರೆ ಅದು. ಈಸ್ಟ್ರೊಜನ್ ಇಳಿದರೆ ಮೂಳೆ ಸವೆಯುತ್ತದೆ. ಇದನ್ನು ಕೇಳಿದಾಗ ನನಗೆ ಅಳು ಬಂತು.

ಇದು ಗುಟ್ಟಿನ ವಿಷಯವೇನಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಒಪಿಯಾಯ್ಡ್ ಔಷಧಗಳ ಮಾಹಿತಿಯಲ್ಲಿ ಲೈಂಗಿಕ ಹಾರ್ಮೋನ್ ಇಳಿಯುವುದರ ಬಗ್ಗೆ, ಅಡ್ರಿನಲ್ ತೊಂದರೆಯ ಬಗ್ಗೆ ಎಚ್ಚರಿಕೆ ಸೇರಿಸಲು ಹೇಳಿತ್ತು. ನಮ್ಮಲ್ಲಿ 2018ರಿಂದ ಟ್ರಮಡಾಲ್ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬಂದಿದೆ. ಮಾತ್ರೆ ದುರ್ಬಳಕೆ ಆಗಬಾರದು ಅಂತ ಇಷ್ಟೆಲ್ಲ ಕಾವಲು. ನುಂಗುವವಳಿಗೆ ಒಂದು ಮಾತು ಹೇಳುವವರಿಲ್ಲ. "ತುಂಬಾ ದಿನ ತಗೊಂಡರೆ ಮುಟ್ಟಿನಲ್ಲಿ ವ್ಯತ್ಯಾಸ ಆಗಬಹುದು, ಹಾಗೇನಾದರೂ ಆದರೆ ಬಂದು ಹೇಳಿ" ಅನ್ನಲು ಎಷ್ಟು ಹೊತ್ತು ಬೇಕು? ನನ್ನ ಒಂದು ವರ್ಷ ಉಳಿಯುತ್ತಿತ್ತು.

ಇದನ್ನು ಓದಿ ಯಾರೂ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಒಂದು ಮಳೆಗಾಲ ಮರ ಬಿದ್ದು ರಸ್ತೆ ಬಂದ್ ಆಗಿ ಎರಡು ದಿನ ಮಾತ್ರೆ ಸಿಗಲಿಲ್ಲ. ಬೆವರು, ನಡುಕ, ಭೇದಿ, ನಿದ್ದೆಯಿಲ್ಲ. ನನಗೆ ಡಾಕ್ಟರಮ್ಮ ಹತ್ತು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿದರು. ಅದಾಗಿ ನಾಲ್ಕನೇ ತಿಂಗಳು ಮುಟ್ಟು ಬಂತು. ಬೆನ್ನು ಈಗಲೂ ನೋಯುತ್ತದೆ, ವ್ಯಾಯಾಮದಲ್ಲಿ ನಿಭಾಯಿಸುತ್ತಿದ್ದೇನೆ.

ಒಪಿಯಾಯ್ಡ್ ಕೆಟ್ಟದ್ದು ಅಂತಲೂ ನಾನು ಹೇಳುವುದಿಲ್ಲ. ಕ್ಯಾನ್ಸರ್‌ನಲ್ಲಿ ನರಳುತ್ತಿದ್ದ ನಮ್ಮ ಅಜ್ಜಿ ಕೊನೆಯ ದಿನಗಳಲ್ಲಿ ನಿದ್ದೆ ಮಾಡಿದ್ದು ಮಾರ್ಫಿನ್‌ನಿಂದಲೇ. ಅಂಥವರಿಗೆ ಅದು ಸಿಗಲೇಬೇಕು.

ಗಂಡಸರಿಗೂ ಎರಡು ಮಾತು. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ವರ್ಷಗಟ್ಟಲೆ ನೋವಿನ ಮಾತ್ರೆಯಲ್ಲಿರುವವರು ನಮ್ಮ ಊರಲ್ಲೇ ಇದ್ದಾರೆ. ಆಸೆ ಇಲ್ಲ, ಶಕ್ತಿ ಇಲ್ಲ, ತೋಳು ಸಣ್ಣಗಾಗಿದೆ, ಮನಸ್ಸು ಕುಗ್ಗಿದೆ ಅಂದರೆ ಅದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ. ಟೆಸ್ಟೊಸ್ಟೆರಾನ್ ಪರೀಕ್ಷೆ ಬೆಳಗ್ಗೆಯೇ ಮಾಡಿಸಬೇಕು, ಹೊತ್ತೇರಿದಂತೆ ಅದು ಇಳಿಯುತ್ತದೆ. ಮಕ್ಕಳು ಬೇಕು ಅನ್ನುವವರು ಯಾರದೋ ಮಾತು ಕೇಳಿ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ, ಅದರಿಂದ ವೀರ್ಯಾಣು ಕಡಿಮೆಯಾಗುತ್ತದೆ. ಡೋಸ್ ಇಳಿಸುವುದೋ ಔಷಧ ಬದಲಿಸುವುದೋ ಆಗುತ್ತದಾ ಅಂತ ಮೊದಲು ಕೇಳಿ.

ಕೆಲವು ಪಟ್ಟಿಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಸೇರಿರುತ್ತದೆ. ನನ್ನ ಮೊದಲ ಮಾತ್ರೆ ಅದೇ. ಪ್ಯಾರಾಸಿಟಮಾಲ್ ಅನ್ನೋದೊಂದೇ ಓದಿ, ಜ್ವರದ ಮಾತ್ರೆ ತಾನೇ ಅಂತ ನಾನು ಸುಮ್ಮನಿದ್ದೆ. ನಿಮ್ಮ ಮನೆಯ ಪಟ್ಟಿಯ ಹಿಂದಿನ ಸಣ್ಣ ಅಕ್ಷರವನ್ನು ಒಮ್ಮೆ ಓದಿ. ಅರ್ಥವಾಗದಿದ್ದರೆ ಫೋಟೋ ತೆಗೆದುಕೊಂಡು ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ.