ಮೈಂಡ್‌ಫುಲ್ ಎಂದರೆ ನಿಧಾನವೇ?

ಆಹಾರದ ಬಗೆಗಿನ ಒಂದು ಕರಪತ್ರವನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೆ. ‘ಮೈಂಡ್‌ಫುಲ್ ಈಟಿಂಗ್’, ಅಂದರೆ ಪೂರ್ತಿ ಗಮನವಿಟ್ಟು ತಿನ್ನುವುದು, ಎಂಬಲ್ಲಿ ಕೈ ನಿಂತಿತು. ‘ಸಾವಧಾನದಿಂದ ಊಟ ಮಾಡಿ’ ಎಂದು ಬರೆದು ಅಮ್ಮನಿಗೆ ಓದಿ ಹೇಳಿದೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಮ್ಮ ತಲೆಯನ್ನೂ ಎತ್ತದೆ, “ನಿಧಾನವಾಗಿ ತಿನ್ನಿ ಎನ್ನಲು ಒಂದು ಕರಪತ್ರ ಬೇಕೇನೋ?” ಎಂದಳು.

ತಪ್ಪು ಅಮ್ಮನದಲ್ಲ. ಹಿಂದಿಯಲ್ಲಿ ಸಾವಧಾನ್ ಎಂದರೆ ಎಚ್ಚರ. ಎನ್‌ಸಿಸಿ ಕವಾಯತಿನಲ್ಲಿ ಆ ಕೂಗು ಬಿದ್ದೊಡನೆ ಹಿಮ್ಮಡಿ ಕೂಡಿಸಿ ಸೆಟೆದು ನಿಲ್ಲಬೇಕು. ಕನ್ನಡದಲ್ಲಿ ಅದೇ ಪದ ಮೆತ್ತಗಾಗಿ, ‘ಸಾವಧಾನವಾಗಿ ಬಾ, ಅವಸರವೇನಿಲ್ಲ’ ಎಂಬಲ್ಲಿ ಕಾಲು ಚಾಚಿ ಕುಳಿತಿದೆ. ಮದುವೆ ಮಂಟಪದ ‘ಸುಮುಹೂರ್ತೇ ಸಾವಧಾನ’ದಲ್ಲಿ ಹಳೆಯ ಅರ್ಥ ಇನ್ನೂ ಇದೆ. (ಅದಕ್ಕೂ ‘ಇನ್ನೊಮ್ಮೆ ಯೋಚಿಸು, ಕಾಲ ಮಿಂಚಿಲ್ಲ’ ಎಂದು ಅರ್ಥ ಹಚ್ಚುವ ಭಾವಂದಿರು ಎಲ್ಲ ಮದುವೆಗಳಲ್ಲೂ ಇರುತ್ತಾರೆ.)

ಇಂಗ್ಲಿಷ್ ಪದವೂ ಮೊದಲಿನಿಂದ ಕಣ್ಣು ಮುಚ್ಚಿ ಕುಳಿತದ್ದೇನಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಮೈಂಡ್’ನ ಮೂಲರೂಪಕ್ಕೆ ನೆನಪು ಎಂಬ ಅರ್ಥವಿತ್ತು, ‘ರಿಮೈಂಡ್’ನಲ್ಲಿ ಅದು ಈಗಲೂ ಇದೆ. 1611ರ ಇಂಗ್ಲಿಷ್ ಬೈಬಲಿನ ಎಂಟನೆಯ ಕೀರ್ತನೆಯಲ್ಲಿ ದೇವರು ಮನುಷ್ಯನ ಬಗ್ಗೆ ಮೈಂಡ್‌ಫುಲ್ ಆಗಿರುವುದೆಂದರೆ ಅವನನ್ನು ನೆನೆಯುವುದು. 1881ರಲ್ಲಿ ಪಾಲಿ ವಿದ್ವಾಂಸ ರೀಸ್ ಡೇವಿಡ್ಸ್ ಬೌದ್ಧ ಸುತ್ತಗಳ (ಪಾಲಿ ಭಾಷೆಯ ಉಪದೇಶಗಳ) ಇಂಗ್ಲಿಷ್ ಅನುವಾದದಲ್ಲಿ ‘ಸತಿ’ಗೆ ಮೈಂಡ್‌ಫುಲ್‌ನೆಸ್ ಎಂದು ಹಾಕಿದರು. ಪಾಲಿಯ ಸತಿ ಎಂದರೆ ಸಂಸ್ಕೃತದ ಸ್ಮೃತಿಯೇ, ಅಂದರೆ ನೆನಪು. 1979ರಲ್ಲಿ ಜಾನ್ ಕಬಟ್ ಜಿನ್ ಮಸಾಚುಸೆಟ್ಸ್‌ನಲ್ಲಿ ಒತ್ತಡ ಇಳಿಸುವ ತರಬೇತಿ ಆರಂಭಿಸಿದ ಮೇಲೆ ‘ಈ ಕ್ಷಣದಲ್ಲಿರು’ ಎಂಬ ಅರ್ಥ ಮುಂದೆ ಬಂದು, ನೆನಪು ಹಿಂದೆ ಸರಿಯಿತು. ಈಗ ಕಚೇರಿಯ ಮೇಲ್‌ಗಳಲ್ಲಿ ‘ಸಮಯದ ಬಗ್ಗೆ ಮೈಂಡ್‌ಫುಲ್ ಆಗಿರಿ’ ಎಂದರೆ ‘ತಡಮಾಡಿದರೆ ಜೋಕೆ’ ಎಂದೇ ಅರ್ಥ.

ಗಮನ, ನೆನಪು ಎರಡನ್ನೂ ಬಿಡದೆ ಹಿಡಿದ ಪದ ನಮ್ಮಲ್ಲೇ ಇದೆ: ಅವಧಾನ. ಎಂಟು ಜನ ಪ್ರಶ್ನಿಸುವವರನ್ನು ಒಬ್ಬ ಅವಧಾನಿ ಏಕಕಾಲಕ್ಕೆ ಎದುರಿಸುವ ಅಷ್ಟಾವಧಾನ ನೋಡಿದವರಿಗೆ ಇದು ಗೊತ್ತು. ಒಬ್ಬರು ನಿಷೇಧಾಕ್ಷರಿಯಲ್ಲಿ ‘ಈ ಅಕ್ಷರ ಬೇಡ’ ಎಂದು ಪದ್ಯ ಕಟ್ಟುವಾಗ ಅಡ್ಡಗಾಲು ಹಾಕುತ್ತಾರೆ, ಇನ್ನೊಬ್ಬರು ಪದ್ಯವಾಗಿ ಪೂರ್ತಿ ಮಾಡಬೇಕಾದ ಸಮಸ್ಯೆಯ ಸಾಲು ಒಡ್ಡುತ್ತಾರೆ, ಅಪ್ರಸ್ತುತ ಪ್ರಸಂಗಿ ನಡುನಡುವೆ ಬಾಯಿ ಹಾಕಿ ಕೆಣಕುತ್ತಾನೆ. ಇದರ ನಡುವೆ ಆಗಾಗ ಬಡಿಯುವ ಗಂಟೆಯ ಲೆಕ್ಕವನ್ನೂ ಅವಧಾನಿ ಇಟ್ಟಿರಬೇಕು. ಕೊನೆಗೆ ಧಾರಣೆ: ಬಿಡಿಬಿಡಿಯಾಗಿ ಕಟ್ಟಿದ ಪದ್ಯಗಳನ್ನೆಲ್ಲ ಪೂರ್ತಿಯಾಗಿ ಹೇಳಬೇಕು. ಗಮನವಿತ್ತೋ ಇಲ್ಲವೋ ಎಂಬುದಕ್ಕೆ ಅಲ್ಲಿ ನೆನಪೇ ಸಾಕ್ಷಿ.

ಆದರೂ ‘ಅವಧಾನದ ಊಟ’ ಎಂದರೆ ಎಂಟು ಜನ ಸುತ್ತ ಕುಳಿತು ಪ್ರಶ್ನೆ ಕೇಳುವ ಊಟವೆಂದುಕೊಂಡಾರು. ‘ತಟ್ಟೆಯ ಮೇಲೆ ಗಮನವಿಟ್ಟು ಉಣ್ಣಿ’ ಎಂದು ತಿದ್ದಿ ಕಳುಹಿಸಿದೆ. “ಮೈಂಡ್‌ಫುಲ್ ಈಟಿಂಗ್ ಎಂದೇ ಇರಲಿ ಸರ್, ಜನರಿಗೆ ಅರ್ಥವಾಗುತ್ತದೆ” ಎಂದರು ಕರಪತ್ರದವರು. ಅಮ್ಮನಿಗೆ ಇನ್ನೂ ಹೇಳಿಲ್ಲ.