ಹಸಿರು ಕೋಟಿನ ಮಡಿ

ನಮ್ಮಲ್ಲಿ ಸನ್ಮಾನ ಅಂದರೆ ಒಂದು ಶಾಲು, ಒಂದು ಪೇಟ, ಒಂದು ಹಣ್ಣಿನ ಬುಟ್ಟಿ. ಬುಟ್ಟಿಯ ಸೇಬು ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಪೇಟ ಮೊಮ್ಮಗನ ಆಟದ ಸಾಮಾನಾಗುತ್ತದೆ. ಶಾಲು ಬೀರುವಿನಲ್ಲಿ ಕೆಲಕಾಲ ವಿಶ್ರಮಿಸಿ ಇನ್ಯಾರದ್ದೋ ಸನ್ಮಾನಕ್ಕೆ ಹೊರಡುತ್ತದೆ. ಏನೇ ಆದರೂ, ಹೊದಿಸಿದವರೇ ಮುಂದಿನ ವರ್ಷ ಮನೆ ಬಾಗಿಲಿಗೆ ಬಂದು "ಸ್ವಾಮಿ, ಆ ಶಾಲು ವಾಪಸ್ ಕೊಟ್ಟುಬಿಡಿ" ಅಂದದ್ದನ್ನು ನಾನಂತೂ ಕೇಳಿಲ್ಲ.

ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ ಕೇಳುತ್ತಾರೆ. ಪ್ರತಿ ಏಪ್ರಿಲ್‌ನಲ್ಲಿ ಅಲ್ಲಿ ನಡೆಯುವ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿ ಗೆದ್ದವನಿಗೆ ಒಂದು ಹಸಿರು ಕೋಟು ತೊಡಿಸುತ್ತಾರೆ. 1949ರಲ್ಲಿ ಸ್ಯಾಮ್ ಸ್ನೀಡ್‌ನಿಂದ ಶುರುವಾದ ಪದ್ಧತಿ. ಗೆದ್ದವನು ಅದನ್ನು ಒಂದು ವರ್ಷ ಮನೆಯಲ್ಲಿಟ್ಟುಕೊಳ್ಳಬಹುದು. ಆಮೇಲೆ ಕ್ಲಬ್ಬಿನ ಕಪಾಟಿಗೆ ವಾಪಸ್. ತೊಡಬೇಕೆನಿಸಿದರೆ ಕ್ಲಬ್ಬಿಗೇ ಬಂದು, ಕಾಂಪೌಂಡಿನ ಒಳಗೇ ತೊಟ್ಟು, ಅಲ್ಲೇ ಬಿಚ್ಚಿಟ್ಟು ಹೋಗಬೇಕು. ಥೇಟ್ ನಮ್ಮಜ್ಜಿಯ ಮಡಿಸೀರೆ. ಕೋಲಿನಿಂದ ಎತ್ತಿ ಗಳದ ಮೇಲೆ ಹರವಿದ್ದು, ಮೊಮ್ಮಕ್ಕಳು ಮುಟ್ಟುವ ಹಾಗಿಲ್ಲ, ಅದು ಅಡುಗೆಮನೆ ದಾಟುವ ಹಾಗಿಲ್ಲ.

1961ರಲ್ಲಿ ಗೆದ್ದ ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್‌ಗೆ ಈ ಮಡಿಯ ವಿಚಾರ ಸರಿಯಾಗಿ ತಲೆಗೆ ಹೋಗಿರಲಿಲ್ಲ. ಮರುವರ್ಷ ಅವರು ಸೋತರು, ಕೋಟು ಅವರ ಊರಲ್ಲೇ ಉಳಿಯಿತು. ಕ್ಲಬ್ಬಿನ ಯಜಮಾನ ಕ್ಲಿಫರ್ಡ್ ರಾಬರ್ಟ್ಸ್ ಫೋನು ಮಾಡಿ ವಿಚಾರಿಸಿಕೊಂಡರಂತೆ. "ಬೇಕಾದರೆ ಬಂದು ತಗೊಂಡು ಹೋಗಿ" ಅಂದೆ ಎಂದು ಪ್ಲೇಯರ್ ಈಗಲೂ ನಗುತ್ತಾ ಹೇಳಿಕೊಳ್ಳುತ್ತಾರೆ. ಕೊನೆಗೆ, ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟುಕೊಳ್ಳತಕ್ಕದ್ದು ಎಂದು ರಾಜಿಯಾಯಿತು. ಇಷ್ಟು ಕಟ್ಟುನಿಟ್ಟಿನ ಮನೆಯ ಗೋದಾಮಿನಿಂದ ಆರ್ನಾಲ್ಡ್ ಪಾಮರ್‌ರ 1958ರ ಗೆಲುವಿನ ಕೋಟೇ ನಾಪತ್ತೆಯಾಗಿತ್ತು. ಕದ್ದವನು ಗೋದಾಮಿನ ನೌಕರ. ವರ್ಷಗಟ್ಟಲೆ ಒಂದೊಂದೇ ಸಾಮಾನು ಸಾಗಿಸಿ, 2024ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡ. ಕಾವಲಿನವರ ಕಣ್ಣೆಲ್ಲ ಗೇಟಿನ ಮೇಲಿತ್ತು ಅಂತ ಕಾಣುತ್ತದೆ.

ಈ ಮಡಿಮನೆಯ ಹಳೇ ಲೆಕ್ಕದ ಪುಸ್ತಕ ತೆಗೆದರೆ ಒಳ್ಳೇ ತಮಾಷೆ ಸಿಗುತ್ತದೆ. ಬಾಬಿ ಜೋನ್ಸ್ ಎಂಬ ಮಹಾ ಆಟಗಾರ 1930ರಲ್ಲಿ ದೊಡ್ಡ ಪ್ರಶಸ್ತಿಗಳು ನಾಲ್ಕನ್ನೂ ಒಂದೇ ವರ್ಷದಲ್ಲಿ ಗೆದ್ದು, 28ನೇ ವಯಸ್ಸಿಗೇ ನಿವೃತ್ತರಾದರು. ವಾಲ್‌ಸ್ಟ್ರೀಟಿನ ರಾಬರ್ಟ್ಸ್ ಜೊತೆ ಸೇರಿ, ಹಣ್ಣು ಹೂವಿನ ಸಸಿ ಮಾರುತ್ತಿದ್ದ ಹಳೇ ನರ್ಸರಿಯೊಂದರ ಜಮೀನು ಕೊಂಡರು. 1,800 ಸದಸ್ಯರು ಬಂದು ಬೀಳುತ್ತಾರೆ ಎಂದು ಲೆಕ್ಕ ಹಾಕಿದ್ದರು. ಬಂದದ್ದು ಮಹಾ ಆರ್ಥಿಕ ಕುಸಿತ. ಸದಸ್ಯರು ನೂರೂ ದಾಟಲಿಲ್ಲ. ಮೈದಾನದ ನಕ್ಷೆ ಬರೆದುಕೊಟ್ಟ ಅಲಿಸ್ಟರ್ ಮೆಕೆಂಜಿ ತನ್ನ ಸಂಭಾವನೆಗಾಗಿ ಪತ್ರದ ಮೇಲೆ ಪತ್ರ ಬರೆದು, ಬಾಕಿ ಕೈಸೇರದೆಯೇ 1934ರ ಜನವರಿಯಲ್ಲಿ ತೀರಿಕೊಂಡರು. ಮಾರ್ಚ್‌ನಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಗೆದ್ದ ಹಾರ್ಟನ್ ಸ್ಮಿತ್‌ಗೆ 1,500 ಡಾಲರ್ ಬಹುಮಾನ.

ಆಗ ಇದರ ಹೆಸರು ಮಾಸ್ಟರ್ಸ್ ಅಲ್ಲ. ಆ ಹೆಸರು ಇಡೋಣವೆಂದು ರಾಬರ್ಟ್ಸ್ ಹಟ ಹಿಡಿದಿದ್ದರು. ನಮ್ಮನ್ನು ನಾವೇ ಹಾಗೆ ಕರೆದುಕೊಂಡರೆ ಜಂಬವಾದೀತು ಎಂದು ಜೋನ್ಸ್ ನಾಚಿಕೊಂಡರು. ನಾಚಿಕೆ ಐದು ವರ್ಷ ತಡೆಯಿತು, 1939ರಲ್ಲಿ ಹೆಸರು ಅಧಿಕೃತವಾಯಿತು. ಕನ್ನಡದಲ್ಲಿ ಹೇಳುವುದಾದರೆ ಮೇಷ್ಟ್ರುಗಳ ಪಂದ್ಯ. ಕೈಲಿ ಕಾಸಿಲ್ಲದಿದ್ದರೂ ಗತ್ತಿಗೆ ಕಮ್ಮಿಯಿಲ್ಲ ಎಂಬ ಅರ್ಥದಲ್ಲಿ ಅಂದಿನ ಮಟ್ಟಿಗೆ ಸರಿಯಾದ ಹೆಸರೇ.

ಎರಡನೇ ಮಹಾಯುದ್ಧದಲ್ಲಿ ಮೂರು ವರ್ಷ ಪಂದ್ಯ ನಿಂತಾಗ ಮೈದಾನಕ್ಕೆ ದನ ಬಿಟ್ಟರು. ಹುಲ್ಲೂ ಮಟ್ಟವಾಗುತ್ತದೆ, ಮಾಂಸ ಮಾರಿ ನಾಲ್ಕು ಕಾಸೂ ಆಗುತ್ತದೆ ಎಂಬ ಯೋಚನೆ. ದನಗಳು ಹುಲ್ಲಿನ ಜೊತೆಗೆ ಜಗತ್ಪ್ರಸಿದ್ಧ ಅಜೇಲಿಯಾ ಹೂಗಿಡಗಳನ್ನೂ ಮೆಂದು, ಮರದ ತೊಗಟೆ ಕೆರೆದು, ಲಾಭದ ಬದಲು ನಷ್ಟ ತೋರಿಸಿದವು. ಕೆಟ್ಟದ್ದನ್ನು ರಿಪೇರಿ ಮಾಡಲು ಹತ್ತಿರದ ಶಿಬಿರದಲ್ಲಿದ್ದ ಜರ್ಮನ್ ಯುದ್ಧಕೈದಿಗಳನ್ನು ಕರೆಸಿದರು. ಇವತ್ತು ಅದೇ ಹುಲ್ಲಿನ ಪಕ್ಕದಲ್ಲಿ ಟಿಕೆಟು ಕೊಂಡು ಬಂದವನೊಬ್ಬ ಓಡುವ ಹಾಗಿಲ್ಲ. ದನಗಳಿಗೆ ಯಾರೂ ಈ ನಿಯಮ ಹೇಳಿದಂತಿಲ್ಲ.

ಟಿಕೆಟು ಕೊಂಡವರು ಅಂದೆ, ತಪ್ಪಾಯಿತು. ಅವರನ್ನು ಪ್ರೇಕ್ಷಕರು ಅನ್ನಬಾರದು. ಅಭಿಮಾನಿಗಳು ಅನ್ನಬಾರದು. ಅವರು 'ಪೇಟ್ರನ್'ಗಳು, ಅಂದರೆ ಪೋಷಕರು. (ನಮ್ಮಲ್ಲಿ ಪೋಷಕರ ಸಭೆ ಅಂದರೆ ಮಗನ ಮಾರ್ಕ್ಸ್ ಕಾರ್ಡ್ ಹಿಡಿದು ತಲೆ ತಗ್ಗಿಸಿ ನಿಲ್ಲುವ ಜಾಗ. ಅಲ್ಲಿಯೂ ಶಿಸ್ತು ಹೆಚ್ಚುಕಮ್ಮಿ ಅದೇ.) 1966ರಲ್ಲಿ ಟಿವಿ ನಿರೂಪಕ ಜ್ಯಾಕ್ ವಿಟೇಕರ್ ಕೊನೆಯ ಕುಳಿಯ ಸುತ್ತ ನುಗ್ಗಿದ ಪೋಷಕರನ್ನು 'ಗುಂಪು ಗದ್ದಲ' ಎಂಬರ್ಥದ ಮಾತಿನಲ್ಲಿ ವರ್ಣಿಸಿದ್ದಕ್ಕೆ ಆಗಸ್ಟಾದ ಮೈಕಿನಿಂದ ವರ್ಷಗಟ್ಟಲೆ ದೂರ ಉಳಿಯಬೇಕಾಯಿತು. 1994ರಲ್ಲಿ ಗ್ಯಾರಿ ಮೆಕಾರ್ಡ್, ಇಲ್ಲಿನ ಹುಲ್ಲು ಮೇಣ ಹಚ್ಚಿ ಕೂದಲು ಕಿತ್ತಷ್ಟು ನುಣುಪು ಎಂದು ತಮಾಷೆ ಮಾಡಿದರು. ಮರುವರ್ಷದಿಂದ ಅವರೂ ಇಲ್ಲ. ಮೊಬೈಲ್ ಒಳಗೆ ಒಯ್ಯುವಂತಿಲ್ಲ. ಹೆಂಡತಿಗೆ ಫೋನು ಮಾಡಲೇಬೇಕೆಂದರೆ ಕ್ಲಬ್ಬಿನವರೇ ತಂತಿ ಫೋನು ಇಟ್ಟಿದ್ದಾರೆ, ಪುಕ್ಕಟೆ.

ನ್ಯಾಯವಾಗಿ ಹೇಳಬೇಕಾದ ಎರಡು ಮಾತಿವೆ. ಬೆಳಿಗ್ಗೆ ಕುರ್ಚಿ ಹಾಕಿ, ಹೆಸರಿನ ಚೀಟಿ ಸಿಕ್ಕಿಸಿ ಎಲ್ಲಿಗಾದರೂ ಹೋಗಿ. ಮಧ್ಯಾಹ್ನ ಬಂದರೂ ಜಾಗ ನಿಮ್ಮದೇ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಈ ನೆಮ್ಮದಿಯ ಬೆಲೆ ಗೊತ್ತು. ಇನ್ನೊಂದು, ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್. ಬೆಲೆ ಒಂದೂವರೆ ಡಾಲರ್. ಬಂಡವಾಳಶಾಹಿಯ ತವರಿನಲ್ಲಿ, ಅದರ ಅತಿ ಶ್ರೀಮಂತರ ಅಂಗಳದಲ್ಲಿ, ಇಂದಿರಾ ಕ್ಯಾಂಟೀನ್ ಮಾದರಿ ಊಟ! 2013ರಲ್ಲಿ ಗುತ್ತಿಗೆದಾರ ಬದಲಾಗಿ ಅದರ ರುಚಿ ತುಸು ಹೆಚ್ಚುಕಮ್ಮಿಯಾದಾಗ ಎದ್ದ ಗುಲ್ಲು ಪತ್ರಿಕೆಗಳವರೆಗೂ ಹೋಯಿತು. ಅಷ್ಟು ಗುಲ್ಲು ಯಾವುದಕ್ಕೆ ಏಳಲಿಲ್ಲ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೆ ಮೊದಲು 1968ರ ಪಂದ್ಯಾವಳಿಯ ಕೊನೆಯ ದಿನ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊಗೆ ಅಂದು ಸರಿಯಾಗಿ 45 ತುಂಬಿದ ದಿನ. ಹುಟ್ಟುಹಬ್ಬದ ಹಾಡು ಹಾಡಿ ಪೋಷಕರು ಕಳಿಸಿಕೊಟ್ಟರು. ಮನುಷ್ಯ ಅದ್ಭುತವಾಗಿ ಆಡಿದ. 17ನೇ ಕುಳಿಗೆ ಮೂರೇ ಹೊಡೆತದಲ್ಲಿ ಚೆಂಡು ಹಾಕಿದ್ದನ್ನು ಸುತ್ತ ನಿಂತವರು ನೋಡಿದರು, ಟಿವಿ ಮುಂದೆ ಕುಳಿತ ದೇಶ ನೋಡಿತು. ಗಾಲ್ಫಿನಲ್ಲಿ ಹೊಡೆತ ಕಮ್ಮಿಯಾದಷ್ಟೂ ಒಳ್ಳೇದು, ಲೆಕ್ಕ ಬರೆಯುವವನು ಜೊತೆಯ ಆಟಗಾರ. ಅಂದಿನ ಜೊತೆ ಆಟಗಾರ ಟಾಮಿ ಆರನ್ ಮಾತ್ರ ಚೀಟಿಯಲ್ಲಿ ನಾಲ್ಕು ಎಂದು ಬರೆದ. ಡಿ ವಿಸೆಂಜೊ ಓದದೆ ಸಹಿ ಹಾಕಿದ. ಮುಗಿಯಿತು! ಸಹಿ ಬಿದ್ದ ಮೇಲೆ ಹೆಚ್ಚಿನ ಅಂಕಿಯೇ ಸತ್ಯ. ಬಾಬ್ ಗೋಲ್ಬಿ ಜೊತೆ ಸಮಸಮವಾಗಿ ಮರುದಿನ ಮತ್ತೆ ಆಡಬೇಕಿದ್ದವನು ಒಂದು ಹೊಡೆತದಲ್ಲಿ ಸೋತ. ಹಸಿರು ಕೋಟು ಗೋಲ್ಬಿಯ ಪಾಲಾಯಿತು. "ನಾನೆಂಥ ದಡ್ಡ" ಎಂದು ಡಿ ವಿಸೆಂಜೊ ಹರಕು ಇಂಗ್ಲಿಷಿನಲ್ಲಿ ತನ್ನನ್ನೇ ಬೈದುಕೊಂಡ.

ತಾಲ್ಲೂಕು ಕಚೇರಿ ಹತ್ತಿಳಿದ ಕನ್ನಡಿಗರಿಗೆ ಇದೇನು ಹೊಸದಲ್ಲ. ಪಹಣಿಯಲ್ಲಿ ಎರಡು ಎಕರೆ ಒಂದಾದರೆ ಹೊಲವೇ ಕುಗ್ಗಬೇಕು. ದಾಖಲೆಯಲ್ಲಿ ಸತ್ತವನು ಎದುರಿಗೆ ನಿಂತು ಕೆಮ್ಮಿದರೂ ಪಿಂಚಣಿ ಬರದು. ಒಂದೇ ವ್ಯತ್ಯಾಸ, ನಮ್ಮ ಗುಮಾಸ್ತರು ಅದನ್ನು ಕ್ರೀಡಾಸ್ಫೂರ್ತಿ ಅಂತ ಕರೆಯುವುದಿಲ್ಲ. ಅಂದ ಹಾಗೆ, ತಪ್ಪು ಬರೆದ ಆರನ್ 1973ರಲ್ಲಿ ತಾನೇ ಮಾಸ್ಟರ್ಸ್ ಗೆದ್ದ. ಆ ದಿನ ಅವನ ಚೀಟಿಯಲ್ಲೂ ಜೊತೆಯವನು ಒಂದು ಅಂಕಿ ಹೆಚ್ಚು ಬರೆದಿದ್ದ. ಆರನ್ ಸಹಿ ಹಾಕುವ ಮುಂಚೆ ಓದಿದ.

ಅಂಕಿಯಲ್ಲಿ ಇಷ್ಟು ನಿಖರವಾದ ಕ್ಲಬ್ಬಿಗೆ ಕೆಲವು ಮನುಷ್ಯರು ಮಾತ್ರ ಎಣಿಕೆಗೇ ಸಿಗುತ್ತಿರಲಿಲ್ಲ. ಚಾರ್ಲಿ ಸಿಫರ್ಡ್ ಎಂಬ ಕಪ್ಪು ಆಟಗಾರ 1967ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಗೆದ್ದರು, 1969ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗೆದ್ದರು. ಆಗಸ್ಟಾದಿಂದ ಕರೆಯೋಲೆ ಬರಲೇ ಇಲ್ಲ. ಮಾಸ್ಟರ್ಸ್ ಆಡಿದ ಮೊದಲ ಕಪ್ಪು ಆಟಗಾರ ಲೀ ಎಲ್ಡರ್, ಅದೂ 1975ರಲ್ಲಿ, ಶುರುವಾಗಿ 41 ವರ್ಷಕ್ಕೆ. ಬೆದರಿಕೆ ಪತ್ರಗಳು ಬಂದಿದ್ದವು. ಯಾವ ಮನೆಯಲ್ಲಿದ್ದಾರೆಂದು ತಿಳಿಯದಿರಲಿ ಎಂದು ಅವರು ಊರಲ್ಲಿ ಎರಡು ಮನೆ ಬಾಡಿಗೆಗೆ ಹಿಡಿದರು. ಎರಡನೇ ದಿನ, ಮುಂದಿನ ಸುತ್ತುಗಳಿಗೆ ಅರ್ಹತೆ ಸಿಗದೆ ಅವರು ಕೊನೆಯ ಕುಳಿಯತ್ತ ನಡೆದು ಬರುವಾಗ, ಕ್ಲಬ್ಬಿನ ಅಡುಗೆಯವರು, ಬಡಿಸುವವರು ಕೆಲಸ ಬಿಟ್ಟು ಬಂದು ದಾರಿಯುದ್ದ ನಿಂತಿದ್ದರು. ಅವರಲ್ಲಿ ಹೆಚ್ಚಿನವರು ಕಪ್ಪು ಜನರೇ. ಅಷ್ಟು ವರ್ಷ ಅವರು ಮೈದಾನದಲ್ಲೇ ಇದ್ದರಲ್ಲ!

ಮಡಿಯ ಗುಣವೇ ಅದು. ಬಾವಿ ತೋಡಿದವನು ನೀರು ಮುಟ್ಟಬಾರದು. 1982ರವರೆಗೆ ಮಾಸ್ಟರ್ಸ್‌ನಲ್ಲಿ ಎಂಥ ದೊಡ್ಡ ಆಟಗಾರನೂ ಕ್ಲಬ್ಬಿನ ಕ್ಯಾಡಿಯನ್ನೇ, ಅಂದರೆ ಆಟಗಾರನ ಕೋಲುಚೀಲ ಹೊರುವ ಸಹಾಯಕನನ್ನೇ, ಇಟ್ಟುಕೊಳ್ಳಬೇಕಿತ್ತು. ಆ ಕ್ಯಾಡಿಗಳೆಲ್ಲ ಕಪ್ಪು ಜನ, ಮೈಮೇಲೆ ಬಿಳಿ ಮೇಲುಡುಗೆ. ಯಾವ ಹುಲ್ಲು ಯಾವ ಕಡೆ ಇಳಿಜಾರು ಎಂದು ಆಟಗಾರರಿಗೆ ಪಾಠ ಹೇಳಿದ ನಿಜವಾದ ಮೇಷ್ಟ್ರುಗಳು ಅವರೇ. ಕೊನೆಗೆ ನಿಯಮ ಸಡಿಲಿಸಿ ಆಟಗಾರರು ತಮ್ಮವರನ್ನು ಕರೆತರಬಹುದು ಅಂದಾಗ, ಸುಧಾರಣೆಯ ಹೆಸರಿನಲ್ಲಿ ಮೊದಲು ಕೆಲಸ ಹೋದದ್ದೂ ಅವರದ್ದೇ. ಮೊದಲ ಕಪ್ಪು ಸದಸ್ಯ ಬಂದದ್ದು 1990ರಲ್ಲಿ. ಲೀ ಎಲ್ಡರ್‌ಗೆ ಪಂದ್ಯಾವಳಿ ಶುರುಮಾಡುವ ಮೊದಲ ಹೊಡೆತದ ಗೌರವ ಕೊಟ್ಟದ್ದು 2021ರಲ್ಲಿ. ಆಗವರಿಗೆ 86 ವರ್ಷ, ಮೂಗಿಗೆ ಆಮ್ಲಜನಕದ ನಳಿಕೆ. ಕೋಲು ಬೀಸುವ ಶಕ್ತಿ ಉಳಿದಿರಲಿಲ್ಲ, ಕುರ್ಚಿಯಲ್ಲಿ ಕುಳಿತು ನೋಡಿದರು.

ಹೆಂಗಸರ ಸರದಿ ಇನ್ನೂ ಸ್ವಾರಸ್ಯ. ಸದಸ್ಯತ್ವ ಕೊಡಿ ಎಂದು 2002ರಲ್ಲಿ ಮಹಿಳಾ ಸಂಘಟನೆಗಳ ಒಕ್ಕೂಟದ ಮಾರ್ಥಾ ಬರ್ಕ್ ಪತ್ರ ಬರೆದರು. ಮುಂದೊಂದು ದಿನ ಕೊಟ್ಟರೂ ಕೊಟ್ಟೇವು, ಬಂದೂಕಿನ ಈಟಿ ತೋರಿಸಿದರೆ ಮಾತ್ರ ಕೊಡೆವು ಎಂದು ಅಧ್ಯಕ್ಷ ಹೂಟಿ ಜಾನ್ಸನ್ ಗುಡುಗಿದರು. ಬಂದದ್ದು ಅಂಚೆ, ಈಟಿಯಲ್ಲ. ಪ್ರಾಯೋಜಕರಿಗೆ ಮುಜುಗರವಾಗದಿರಲೆಂದು ಅವರನ್ನೇ ಕೈಬಿಟ್ಟು 2003 ಮತ್ತು 2004ರಲ್ಲಿ ಜಾಹೀರಾತೇ ಇಲ್ಲದೆ ಪ್ರಸಾರ ಮಾಡಿಸಿದರು. ಪುರುಷಪ್ರಾಧಾನ್ಯದಿಂದ ಟಿವಿ ವೀಕ್ಷಕರಿಗೆ ಆದ ಒಂದೇ ಉಪಕಾರ ಬಹುಶಃ ಇದು. 2012ರಲ್ಲಿ ಇಬ್ಬರಿಗೆ ಬಾಗಿಲು ತೆರೆಯಿತು. ಒಬ್ಬರು ಉದ್ಯಮಿ ಡಾರ್ಲಾ ಮೂರ್, ಇನ್ನೊಬ್ಬರು ಕಾಂಡೊಲೀಜಾ ರೈಸ್. ಅಮೆರಿಕದ ವಿದೇಶಾಂಗ ಖಾತೆ ನಡೆಸಿ ಬಂದವರ ಅರ್ಹತೆ ಕ್ಲಬ್ಬಿಗೆ ಅಂತೂ ಮನವರಿಕೆಯಾಯಿತು.

ಮಡಿ ಅಂದಮೇಲೆ ಪಂಕ್ತಿಭೋಜನ ಬೇಡವೆ? 1952ರಿಂದ ಅದೂ ಇದೆ. ಹಳೇ ವಿಜೇತರಷ್ಟೇ ಕೂರುವ ಪಂಕ್ತಿ. ಹಿಂದಿನ ವರ್ಷ ಗೆದ್ದವನು ಅಡುಗೆ ಪಟ್ಟಿ ಹೇಳಬೇಕು, ಬಿಲ್ಲೂ ಕೊಡಬೇಕು. 1997ರಲ್ಲಿ 21ರ ಹರೆಯದ ಟೈಗರ್ ವುಡ್ಸ್ 12 ಹೊಡೆತಗಳ ಅಂತರದಲ್ಲಿ ಗೆದ್ದಾಗ, ಹಳೇ ವಿಜೇತ ಫಜ್ಜಿ ಜೋಲರ್, ಊಟಕ್ಕೆ ಕರಿದ ಕೋಳಿ ಹೇಳಬೇಡವೆನ್ನಿ ಎಂದು ಕ್ಯಾಮೆರಾ ಮುಂದೆಯೇ ಕುಹಕವಾಡಿದರು. ಕಪ್ಪು ಜನರನ್ನು ಹಂಗಿಸುವ ಹಳೇ ಮಾತು ಅದು. ಆಮೇಲೆ ಕ್ಷಮೆ ಕೇಳಿದರು, ಪ್ರಾಯೋಜಕರೂ ಬಿಟ್ಟರು. ಮರುವರ್ಷ ಟೈಗರ್ ಎಲ್ಲರಿಗೂ ಚೀಸ್‌ಬರ್ಗರ್, ಮಿಲ್ಕ್‌ಶೇಕ್ ಬಡಿಸಿದರು. ಪಂಕ್ತಿ ತಿಂದು ಎದ್ದಿತು.

ಈ ಪಂದ್ಯಕ್ಕೆ ಭಾರತದಿಂದ ಮೊದಲು ಹೋದವರು ಜೀವ್ ಮಿಲ್ಖಾ ಸಿಂಗ್, 2007ರಲ್ಲಿ. 2015ರಲ್ಲಿ ನಮ್ಮ ಬೆಂಗಳೂರಿನ ಅನಿರ್ಬನ್ ಲಾಹಿರಿ ಹೋದರು. ಕೋಟು ಈ ಕಡೆಗೆ ಇನ್ನೂ ಬಂದಿಲ್ಲ. ಕೊನೆಯ ದಿನದ ಆಟ ನಮಗೆ ಸೋಮವಾರದ ನಸುಕಿನಲ್ಲಿ ಮುಗಿಯುತ್ತದೆ, ಹಾಲಿನವನು ಬರುವ ಹೊತ್ತಿಗೆ. ನಾನೂ ಕಣ್ಣುಜ್ಜಿಕೊಂಡು ನೋಡುತ್ತೇನೆ, ಸುಳ್ಳು ಯಾಕೆ. ಹಿಂದಿನ ವಿಜೇತ ಹೊಸಬನಿಗೆ ಕೋಟು ತೊಡಿಸುವಾಗ ಭುಜಕ್ಕೆ ಸರಿಯಾಗಿ ಕೂತಿತೋ ಇಲ್ಲವೋ ಎಂಬ ಕುತೂಹಲ ತಡೆಯಲಾಗದು.

1963ರಲ್ಲಿ ಜ್ಯಾಕ್ ನಿಕ್ಲಾಸ್‌ಗೆ ಕೂರಲಿಲ್ಲ. ಕೈಗೆ ಸಿಕ್ಕ ಕೋಟು ತೊಡಿಸಿದ್ದರು, ತೀರಾ ದೊಗಳೆ. ಹಾಗಾಗಿ ನ್ಯೂಯಾರ್ಕಿನ ಮಾಜಿ ಗವರ್ನರ್, ಅಧ್ಯಕ್ಷ ಚುನಾವಣೆಯಲ್ಲಿ ಸೋತಿದ್ದ ಥಾಮಸ್ ಡೂಯಿ ಅವರ ಕೋಟನ್ನು ಎರವಲು ಪಡೆದು ವರ್ಷಗಟ್ಟಲೆ ತೊಟ್ಟರು. 1966ರಲ್ಲಿ ಸತತ ಎರಡನೇ ಸಲ ಗೆದ್ದಾಗ ಇನ್ನೊಂದು ಫಜೀತಿ: ತೊಡಿಸಬೇಕಾದ ಹಿಂದಿನ ವಿಜೇತನೂ ಇವರೇ. ಜೋನ್ಸ್ ಮತ್ತು ರಾಬರ್ಟ್ಸ್ ಗುಸುಗುಸು ಸಮಾಲೋಚನೆ ನಡೆಸಿ, ನೀನೇ ಹಾಕಿಕೋ ಅಂದರು. ನಿಕ್ಲಾಸ್ ಒಟ್ಟು ಆರು ಸಲ ಗೆದ್ದರು, ಬೇರೆ ಯಾರೂ ಗೆದ್ದಿಲ್ಲದಷ್ಟು. ನಿಯಮ, ಸಂಪ್ರದಾಯ, ಚೀಟಿ, ಸಹಿ, ಎಲ್ಲವನ್ನೂ ತೂಗಿ ನೋಡುವ ಕ್ಲಬ್ಬು ಅವರ ಅಳತೆಗೆ ಒಂದು ಕೋಟು ಹೊಲಿಸಿಕೊಡುವುದನ್ನು ಮರೆತೇಬಿಟ್ಟಿತ್ತು. 1990ರ ದಶಕದ ಕೊನೆಯಲ್ಲಿ ಮಾತಿಗೆ ಮಾತು ಬಂದು ಅವರೇ ಬಾಯಿಬಿಟ್ಟಾಗ ಗಾಬರಿಯಾದ ಅಧ್ಯಕ್ಷರು ಅಳತೆ ಕೊಟ್ಟು ಹೋಗಿ ಎಂದು ಹೇಳಿಕಳಿಸಿದರು.